ಗಾದಿ ಮರ್ದಾನಸಾಬರ ಹೂಂ

ಒಂದೇ ಒಂದು ಅಕ್ಷರದಿಂದ ನಾಲ್ಕು ಊರುಗಳನ್ನು ಆಳಿದವರು ಲೋಕದಲ್ಲಿ ಎಷ್ಟು ಜನ ಇದ್ದಾರೋ ಗೊತ್ತಿಲ್ಲ. ಗದಗ-ಬೆಟಗೇರಿಯಲ್ಲಂತೂ ಒಬ್ಬರು ಇದ್ದರು. ಉಳಿದವರು ಹೆಸರು ಮಾಡಲಿಕ್ಕೆ ಛತ್ರ ಕಟ್ಟಿಸಿದರು, ಬಾವಿ ತೋಡಿಸಿದರು, ಚುನಾವಣೆಗೆ ನಿಂತು ಠೇವಣಿ ಕಳೆದುಕೊಂಡರು. ಗಾದಿ ಮರ್ದಾನಸಾಬರು ಇಂಥ ಯಾವ ಉಸಾಬರಿಗೂ ಹೋಗಲಿಲ್ಲ. ಅವರು 'ಹೂಂ' ಅಂದರು. ಅಷ್ಟೇ.

ಅದು ನೀವು ನಾವು ಅನ್ನುವ ಹೂಂ ಅಲ್ಲ. ಹೊಟ್ಟೆಯ ಪಾತಾಳದಿಂದ ಎದ್ದು, ಎದೆಯಲ್ಲಿ ಒಂದು ಸುತ್ತು ಹಾಕಿ, ಗಂಟಲಿನ ಹೊಸ್ತಿಲಲ್ಲಿ ಅರೆಗಳಿಗೆ ನಿಂತು ವಿಚಾರ ಮಾಡಿ, ಆಮೇಲೆ ಮೂಗಿನ ದಾರಿಯಿಂದ ಲೋಕಕ್ಕೆ ಇಳಿಯುವ ಹೂಂ. ಗದಗಿನ ನಡುವಿನ ಟಾಂಗಾಕೂಟದಲ್ಲಿ ಮರ್ದಾನಸಾಬರು ಹೂಂ ಅಂದರೆ ಊರಂಚಿನ ಹಾತಲಗೇರಿ ನಾಕಾದಲ್ಲಿ ನಿಂತ ಕುದುರೆ ಕಿವಿ ನಿಮಿರಿಸುತ್ತಿತ್ತು ಎಂದು ಜನ ಹೇಳುತ್ತಿದ್ದರು. ಕುದುರೆಯನ್ನು ಯಾರೂ ಕೇಳಿರಲಿಲ್ಲ. ಮುಂಡರಗಿಯಲ್ಲಿ ಒಬ್ಬ ಪುಢಾರಿ ಈ ಹೂಂ ಕೇಳಿ ತನ್ನ ಮಾತಿಗೆ ತಾನೇ ಅತ್ತುಬಿಟ್ಟನಂತೆ. ಲಕ್ಷ್ಮೇಶ್ವರದವರು ಸುಮ್ಮನಿರುತ್ತಾರೆಯೇ? ತಮ್ಮಲ್ಲಿ ಇಬ್ಬರು ಅತ್ತರು ಎಂದರು.

ಮರ್ದಾನಸಾಬರ ಕಸುಬು ಅರಳೆ ಹಿಂಜುವುದು, ಗಾದಿ ತುಂಬುವುದು. ತಂದೆಯಿಂದ ಬಂದ ದೊಡ್ಡ ಬಿಲ್ಲನ್ನು ಹೆಗಲಿಗೆ ಏರಿಸಿ, ಕೈಯಲ್ಲಿ ಮರದ ಕೊಡತಿ ಹಿಡಿದು ಬೆಟಗೇರಿಯ ಓಣಿಗಳಲ್ಲಿ ಹೊರಟರೆ, ಯುದ್ಧಕ್ಕೆ ಹೊರಟ ಅರ್ಜುನ ದಾರಿ ತಪ್ಪಿ ಬಂದಂತೆ ಕಾಣುತ್ತಿದ್ದರು. ಯಾರದಾದರೂ ಮನೆಯ ಅಂಗಳದಲ್ಲಿ ಕುಳಿತು ಬಿಲ್ಲಿನ ನರವನ್ನು ಅರಳೆಯ ರಾಶಿಗೆ ತಾಗಿಸಿ ಕೊಡತಿಯಿಂದ ಬಡಿದರೆ 'ಧುಂಯ್, ಧುಂಯ್' ಎಂದು ಸದ್ದು ಏಳುತ್ತಿತ್ತು. ಅರಳೆ ಹಗುರಾಗಿ ಹಾರಿ ಅವರ ಹುಬ್ಬು, ಮೀಸೆ, ರೆಪ್ಪೆಗಳ ಮೇಲೆ ಕುಳಿತು, ನಲವತ್ತರ ಮನುಷ್ಯನನ್ನು ಒಂದು ತಾಸಿನಲ್ಲಿ ಹಿಮಾಲಯದ ಋಷಿ ಮಾಡುತ್ತಿತ್ತು.

ಅಂಗಳದಲ್ಲಿ ದಿನವಿಡೀ ಕುಳಿತ ಮನುಷ್ಯ ಎದ್ದು ಹೋಗುವಂತಿಲ್ಲ. ಇದು ಆ ಮನೆಯ ಹಿರಿಯರಿಗೆ ಗೊತ್ತು. ಹೆಂಡತಿ ಕೇಳದ, ಮಕ್ಕಳು ಕೇಳದ, ಎಮ್ಮೆಯೂ ಕೊರಳು ತಿರುವಿ ನಿಂತ ಕಥೆಗಳನ್ನೆಲ್ಲ ಅವರು ಮರ್ದಾನಸಾಬರ ಮುಂದೆ ತಂದು ಸುರಿಯುತ್ತಿದ್ದರು. ನಮ್ಮ ಕಡೆ ಕಥೆ ಹೇಳುವುದಕ್ಕೆ ಒಂದು ಕರಾರು ಉಂಟು: ಕೇಳುವವರಲ್ಲಿ ಒಬ್ಬರು ನಡುನಡುವೆ ಹೂಂ ಅನ್ನುತ್ತಿರಬೇಕು. ಹೂಂ ನಿಂತರೆ ಕಥೆ ನಿಂತಿತು. ಅಜ್ಜಿ ಎಷ್ಟೇ ಪ್ರೀತಿಯವಳಿದ್ದರೂ ರಾಜಕುಮಾರನನ್ನು ಕಾಡಿನ ನಡುವೆ ಬಿಟ್ಟು ಮಗ್ಗುಲಾಗುತ್ತಾಳೆ. ಮರ್ದಾನಸಾಬರು ಈ ಕರಾರನ್ನು ಎಂದೂ ಮುರಿದವರಲ್ಲ. ಬಿಲ್ಲು ಧುಂಯ್ ಅನ್ನುತ್ತಿತ್ತು, ಅವರು ಹೂಂ ಅನ್ನುತ್ತಿದ್ದರು.

ಈ ಹೂಂ ಅಂಗಳ ಬಿಟ್ಟು ವೇದಿಕೆ ಏರಿದ್ದು ೧೯೭೧ರಲ್ಲಿ. ಬೆಟಗೇರಿಯಲ್ಲಿ ನೇಕಾರರ ಸಂಘವೊಂದರ ವಾರ್ಷಿಕ ಸಭೆ. ಆಗ ವೇದಿಕೆಯ ಮೇಲೆ ಕುರ್ಚಿ ಇಡುವ ಕೆಟ್ಟ ಚಟ ಇನ್ನೂ ಬಂದಿರಲಿಲ್ಲ. ಗಾದಿ ಹಾಸಿ ಲೋಡು ಇಟ್ಟು ಗಣ್ಯರನ್ನು ಒರಗಿಸುತ್ತಿದ್ದರು. ಆವತ್ತು ಲೋಡುಗಳು ತಡವಾಗಿ, ಮರ್ದಾನಸಾಬರು ಅಲ್ಲಿಯೇ ಅರಳೆ ಹಿಂಜಿ ತುಂಬುತ್ತಿರುವಾಗ ಗಣ್ಯರು ಬಂದುಬಿಟ್ಟರು. ಇಳಿದು ಹೋಗಲು ದಾರಿ ಇಲ್ಲದೆ ಮರ್ದಾನಸಾಬರು ವೇದಿಕೆಯ ಮೂಲೆಯಲ್ಲಿ ಕೊನೆಯ ಲೋಡನ್ನು ತಬ್ಬಿಕೊಂಡು ಕುಳಿತರು. ಸಂಘದ ಚೇರಮನ್ನರು "ಕೈಮಗ್ಗವೇ ನಮ್ಮ ತಾಯಿ" ಎಂದು ಓದಿ, ಮುಂದಿನ ಸಾಲು ಯಾವ ಹಾಳೆಗೆ ಹೋಯಿತೆಂದು ತಡಕಾಡಿದರು. ಸಭೆ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಮೂಲೆಯಿಂದ ಬಂತು: "ಹೂಂ."

ನಿದ್ದೆ ಹೋಗಿದ್ದ ನೇಕಾರರು ಎಚ್ಚರಾದರು. ಯಾರೋ ಬಹಳ ದೊಡ್ಡವರು ಏನೋ ಬಹಳ ದೊಡ್ಡದಕ್ಕೆ ಒಪ್ಪಿದ್ದಾರೆಂದು ತಿಳಿದು ಚಪ್ಪಾಳೆ ತಟ್ಟಿದರು. ಚೇರಮನ್ನರ ಜೀವನದಲ್ಲಿ ಅದು ಮೊದಲ ಚಪ್ಪಾಳೆ. ಅವರು ಹಾಳೆ ಹುಡುಕುವುದನ್ನು ಬಿಟ್ಟು, ತಾಯಿಯಿಂದ ತಂದೆಗೆ, ತಂದೆಯಿಂದ ಸರಕಾರಕ್ಕೆ ಹಾರಿ ಒಂದೂಕಾಲು ತಾಸು ಗುಡುಗಿದರು. ಮೂಲೆಯಿಂದ ಹದಿಮೂರು ಸಲ ಹೂಂ ಬಂತು.

ಅಲ್ಲಿಂದ ಮುಂದೆ ಈ ಭಾಗದಲ್ಲಿ ಭಾಷಣ ಅಂದರೆ ಗಾದಿ, ಗಾದಿ ಅಂದರೆ ಮರ್ದಾನಸಾಬರು ಎಂದಾಯಿತು. "ಮುಂಜಾನೆ ಅಲ್ಲೇ ಬಂದ ಹಿಂಜಿ ತುಂಬ್ರಿ, ಹಂಗ ಒಂದ ಮೂಲ್ಯಾಗ ಕುಂತಬಿಡ್ರಿ" ಎಂದು ಮುಂಡರಗಿಯಿಂದ, ಶಿರಹಟ್ಟಿಯಿಂದ ಕರೆ ಬರುತ್ತಿತ್ತು. ವೇದಿಕೆಗೆ ಕುರ್ಚಿಗಳು ಬಂದ ಮೇಲೂ, ಮೂಲೆಯಲ್ಲಿ ಒಂದು ಗಾದಿ ಮಾತ್ರ ಸಂಪ್ರದಾಯಕ್ಕೆಂದು ಉಳಿಯಿತು. ಪಂಡಿತರು ಹೂಂಗಳನ್ನು ವಿಂಗಡಿಸಿದರು. ಗಿಡ್ಡ ಹೂಂ ಒಪ್ಪಿಗೆ. ಉದ್ದಕ್ಕೆ ಎಳೆದು ಕೊನೆಗೆ ಇಳಿಯುವ ಹೂಂ ದೇಶದ ಸ್ಥಿತಿಯ ಬಗ್ಗೆ ದುಃಖ. ಬೆನ್ನು ಬೆನ್ನಿಗೆ ಎರಡು ಹೂಂ ಬಂದರೆ ಏನು ಎಂಬ ಬಗ್ಗೆ ಮಾತ್ರ ಭಿನ್ನಾಭಿಪ್ರಾಯವಿತ್ತು. ಪರಮಾನಂದ ಎಂದು ಭಾಷಣಕಾರರು, ಸಾಕು ಕುಂಡ್ರು ಎಂದು ಸಭಿಕರು.

ಮರ್ದಾನಸಾಬರು ಇದಕ್ಕೆ ತೆಗೆದುಕೊಳ್ಳುತ್ತಿದ್ದ ಕಾಣಿಕೆ ಒಂದು ತುಂಡು ಬೆಲ್ಲ. ಭಾಷಣ ಮುಗಿದ ಕೂಡಲೇ ಬೇಕು, ತಡವಾಗಕೂಡದು. ಕಾಲೇಜಿನ ಒಬ್ಬ ಲೆಕ್ಚರರರು ಇದನ್ನು, ಮಾತಿನ ದೇವಿಗೆ ಸಲ್ಲಿಸುವ ಸಿಹಿ ನೈವೇದ್ಯ ಎಂದು ವ್ಯಾಖ್ಯಾನಿಸಿ ಅದರ ಮೇಲೆಯೇ ಮುಕ್ಕಾಲು ತಾಸು ಭಾಷಣ ಮಾಡಿದರು. ಮರ್ದಾನಸಾಬರು ಅದಕ್ಕೂ ಹೂಂ ಅಂದು ಬೆಲ್ಲ ತಿಂದರು.

ಇನ್ನು ಕಳಕಪ್ಪ ಮಾಸ್ತರರ ಕಡೆ ಬರೋಣ.

ಕೋಟುಮಚಗಿಯಲ್ಲಿ ಹುಟ್ಟಿ, ನಾಗಾವಿ, ಕುರ್ತಕೋಟಿ, ಮುಂಡರಗಿಗಳಲ್ಲಿ ಕಲಿಸಿ, ಈಗ ಶಿರಹಟ್ಟಿಯ ಶಾಲೆಯೊಂದಕ್ಕೆ ಹೆಡ್‌ಮಾಸ್ತರರಾಗಿದ್ದ ಕಳಕಪ್ಪನವರು ಗುಣವಂತರು. ಮೂವತ್ತನಾಲ್ಕು ವರ್ಷದಲ್ಲಿ ಒಂದು ದಿನ ತಡವಾಗಿ ಶಾಲೆಗೆ ಹೋದವರಲ್ಲ. ಅವರಿಗಿದ್ದ ಕೊರತೆ ಒಂದೇ: ಈ ಮೂವತ್ತನಾಲ್ಕು ವರ್ಷದಲ್ಲಿ ಅವರ ಒಂದು ಭಾಷಣವನ್ನೂ ಯಾರೂ ಕೊನೆಯ ತನಕ ಕೇಳಿರಲಿಲ್ಲ. ಹುಡುಗರು ಕೇಳಿದ್ದರಲ್ಲ ಅಂದರೆ, ಹುಡುಗರನ್ನು ಬಾಗಿಲು ಹಾಕಿ ಕೂರಿಸಲಾಗಿತ್ತು.

ಅವರ ಭಾಷಣ ಎದ್ದು ನಿಲ್ಲುವುದಕ್ಕೇ ಹೊತ್ತು ಬೇಕಾಗುತ್ತಿತ್ತು. "ಮಾನ್ಯ ಅಧ್ಯಕ್ಷರೇ, ಮಾನ್ಯ ಉಪಾಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆಯ ಕೆಳಗಿರುವ ಗಣ್ಯರೇ, ಮೇಲಿಂದ ಈಗತಾನೇ ಕೆಳಗಿಳಿದು ಹೋದ ಗಣ್ಯರೇ" ಎಂದು ಯಾರಿಗೂ ಅನ್ಯಾಯವಾಗದಂತೆ ಕರೆದು ಮುಗಿಸುವಷ್ಟರಲ್ಲಿ, ಕರೆಸಿಕೊಂಡವರಲ್ಲಿ ಅರ್ಧ ಜನ ಊಟದ ಮನೆಯಲ್ಲಿರುತ್ತಿದ್ದರು. ಮನೆಯಲ್ಲೂ ಅದೇ ಗತಿ.

"ನೀವು ಬಾಯಿ ತಗದ್ರ ಸಾಕು ನೋಡ್ರಿ, ನನಗ ಬಾಕಿ ಉಳದ ಕೆಲಸೆಲ್ಲಾ ನೆನಪ ಆಕ್ಕಾವು" ಎನ್ನುತ್ತಿದ್ದಳು ಅವರ ಹೆಂಡತಿ ಬಸವಣ್ಣೆವ್ವ. "ಮನಿ ಸ್ವಚ್ಛ ಇರೂದು ನಿಮ್ಮ ಭಾಷಣದಿಂದನ."

೧೯೭೮ರಲ್ಲಿ ಲಕ್ಷ್ಮೇಶ್ವರದಲ್ಲಿ ವಾಚನಾಲಯವೊಂದರ ಉದ್ಘಾಟನೆಯಲ್ಲಿ ನಡೆದದ್ದನ್ನು ಮಾಸ್ತರರು ಯಾರಿಗೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಊರೇ ಹೇಳುತ್ತಿತ್ತು. ಎಂಟನೆಯ ಹಾಳೆಗೆ ಅಧ್ಯಕ್ಷರು, ಹೊಲದಲ್ಲಿ ನೀರಿನ ಪಂಪು ಬಂದ್ ಮಾಡಿ ಬರುತ್ತೇನೆಂದು ಎದ್ದು ಹೋದರು. ಅವರಿಗೆ ಹೊಲ ಇರಲಿಲ್ಲ. ಹತ್ತನೆಯ ಹಾಳೆಗೆ ಪೆಂಡಾಲಿನವರು ಆ ತುದಿಯಿಂದ ಜಮಖಾನೆ ಸುತ್ತತೊಡಗಿದರು. ನಡುವೆ ಮಲಗಿದ್ದ ಒಬ್ಬ ಅಜ್ಜನನ್ನು ಮೆಲ್ಲಗೆ ಎತ್ತಿ ಮಣ್ಣಿನ ಮೇಲಿಟ್ಟು ಮುಂದೆ ಸುತ್ತಿದರು. ಹನ್ನೊಂದನೆಯದಕ್ಕೆ ಮೈಕಿನವನು ಬಂದು, "ಸರ್, ವಾಯರ್ ಬಿಚ್ಚಿಕೋತೇನ್ರಿ. ನೀವು ಮಾತ ನಿಲ್ಲಸಬ್ಯಾಡ್ರಿ, ನಂದೇನೂ ಅಡ್ಡಿ ಇಲ್ಲ" ಅಂದ. ಮಾಸ್ತರರು ಉಳಿದ ಎರಡು ಹಾಳೆಗಳನ್ನು ಬಟಾಬಯಲಿಗೆ ಓದಿ, ಬಯಲಿಗೆ ವಂದಿಸಿ ಕೆಳಗಿಳಿದರು.

ಆ ದಿನ ಮರ್ದಾನಸಾಬರನ್ನು ಕರೆದಿರಲಿಲ್ಲ. ಕಾರಣ ಇದೇ ಎಂದು ಮಾಸ್ತರರು ತೀರ್ಮಾನಿಸಿದರು. ಭಾಷಣ ತಮ್ಮದು ಉದ್ದ, ಬೇಸರ ಎಂಬ ಇನ್ನೊಂದು ಕಾರಣ ಅವರ ತಲೆಗೆ ಬರಲಿಲ್ಲ. ಗುಣವಂತರಿಗೆ ಅಂಥ ಕೆಟ್ಟ ವಿಚಾರಗಳು ಹೊಳೆಯುವುದಿಲ್ಲ.

೧೯೮೬ರ ಮೇ ಮೂವತ್ತೊಂದಕ್ಕೆ ಮಾಸ್ತರರ ನಿವೃತ್ತಿ. ಬೀಳ್ಕೊಡುವ ಸಮಾರಂಭದಲ್ಲಿ ಅವರು ಮಾತಾಡಬೇಕು. ಅದು ಕೊನೆಯ ಭಾಷಣ. ಆಮೇಲೆ ಯಾರೂ ಕರೆಯುವುದಿಲ್ಲ ಎನ್ನುವುದು ಅವರಿಗೂ ಗೊತ್ತಿತ್ತು. ಒಂದು ಸಲ, ಒಂದೇ ಸಲ, ಕೂತವರು ಕೂತಂತೆ ಕೊನೆಯ ತನಕ ಕೇಳಿದರೆ ಸಾಕಿತ್ತು. ಆದರೆ ಅದು ಬೇಸಿಗೆ ರಜೆ. ಹುಡುಗರಿಲ್ಲ. ಬರುವವರೆಲ್ಲ ದೊಡ್ಡವರು, ಕಾಲಿದ್ದವರು, ಎದ್ದು ಹೋಗಲು ಯಾರ ಅಪ್ಪಣೆಯೂ ಬೇಡದವರು.

ಮಾಸ್ತರರು ಎರಡು ಇಡೀ ಮುದ್ದೆ, ಅಂದರೆ ಎರಡು ಪೆಂಟಿ ಬೆಲ್ಲ ಚೀಲದಲ್ಲಿ ಹಾಕಿಕೊಂಡು ಬೆಟಗೇರಿಯ ಬಸ್ಸು ಹತ್ತಿದರು.

ದಾರಿಯುದ್ದಕ್ಕೂ ಅವರಿಗೊಂದು ಅಳುಕು. ಎರಡು ವರ್ಷದಿಂದ ಮರ್ದಾನಸಾಬರು ಯಾವ ಸಭೆಗೂ ಬರುತ್ತಿರಲಿಲ್ಲ. ಅವರು ಮೌನವ್ರತ ಹಿಡಿದಿದ್ದಾರೆಂದು ಗದಗಿನಲ್ಲಿ ಸುದ್ದಿ. ಹೂಂ ಅನ್ನುವ ಯೋಗ್ಯತೆಯ ಭಾಷಣ ಈಗ ಯಾರು ಮಾಡುತ್ತಾರೆ ಎಂದು ಬೇಸತ್ತು ಬಿಟ್ಟಿದ್ದಾರೆಂದು ಮುಂಡರಗಿಯಲ್ಲಿ ಸುದ್ದಿ. ಹಾಗಾಗಿ ಹೂಂ ಇದ್ದಾಗ ಇದ್ದದ್ದಕ್ಕಿಂತ ಹೂಂ ಇಲ್ಲದಾಗ ಮರ್ದಾನಸಾಬರು ಇನ್ನೂ ದೊಡ್ಡವರಾಗಿ ಬೆಳೆದಿದ್ದರು.

ಬೆಟಗೇರಿಯಲ್ಲಿ ಅವರ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಮಗ ಇಸಾಕ ಅರಳೆ ಹಿಂಜುವ ಕರೆಂಟಿನ ಮಷಿನ್ ಹಾಕಿದ್ದ. ಅದು ಗಡಗಡ ಅನ್ನುತ್ತಿತ್ತು. ಮರ್ದಾನಸಾಬರು ಮುಂದಿನ ಕಟ್ಟೆಯ ಮೇಲೆ ಕುಳಿತು ಗಾದಿಯ ಗವಸಣಿಗೆಗೆ ಸೂಜಿ ಹಾಕುತ್ತಿದ್ದರು. ಹುಬ್ಬು ಮೀಸೆಗಳ ಮೇಲೆ ಒಂದು ಎಳೆ ಅರಳೆ ಇರಲಿಲ್ಲ. ಐವತ್ತೈದಾದರೂ ಹಿಮಾಲಯದ ಋಷಿ ಹೋಗಿ ಒಬ್ಬ ಸಾಧಾರಣ ಗೃಹಸ್ಥ ಕುಳಿತಂತಿತ್ತು.

"ಬರ್ರಿ ಮಾಸ್ತರ್ರ, ಕುಂಡ್ರಿ. ದಿಲಶಾದಬೀ, ಚಹಾ ತಗೊಂಬಾ, ಮಾಸ್ತರ ಬಂದಾರ."

"ಮರ್ದಾನಸಾಬ, ನಾ ಚಹಾಕ ಬಂದಿಲ್ಲಪಾ. ನನ್ನ ಮಾನ ಉಳಸ್ಕೊಳ್ಳಾಕ ಬಂದೇನಿ." ಮಾಸ್ತರರು ಬೆಲ್ಲದ ಪೆಂಟಿಗಳನ್ನು ಕಟ್ಟೆಯ ಮೇಲಿಟ್ಟರು. "ಶನಿವಾರ ನನ್ನ ಭಾಷಣ ಐತಿ. ನೀ ಬಂದ ಮುಂದ ಕುಂಡ್ರಬೇಕು."

"ಬರಾಕೇನ್ರಿ, ಬರತೇನಿ. ಆದ್ರ ಹೂಂ ಬರೂದಿಲ್ರಿ ಈಗ."

"ಹಂಗ ಅನಬ್ಯಾಡ."

"ಖರೆನ್ರಿ. ಈ ಮಷಿನ್ ಬಂದಾಗಿಂದ—"

"ಮಷಿನ್ ಸುದ್ದಿ ಬಿಡೋ ಮಾರಾಯಾ! ಮಷಿನ್ ಭಾಷಣ ಕೇಳತೈತೇನ? ನನಗ ಗೊತ್ತೈತಿ, ನೀ ವ್ರತಾ ಹಿಡದಿ. ನನ್ನ ಭಾಷಣಾ ಕೇಳಿ ನೋಡು, ಅದು ಯೋಗ್ಯ ಇದ್ರ ಹೂಂ ತಾನ ಬರತೈತಿ."

"ಅಲ್ರೀ ಮಾಸ್ತರ್ರ, ನಾ ಹೇಳೂದನ್ನ ಸ್ವಲ್ಪ ಕೇಳ್ರಿ—"

ಮಾಸ್ತರರು ಕೇಳಲಿಲ್ಲ. ತಮ್ಮ ಮಾತನ್ನು ಯಾರೂ ಕೇಳುವುದಿಲ್ಲವೆಂಬ ದುಃಖದಲ್ಲಿದ್ದ ಮನುಷ್ಯನಿಗೆ ಇನ್ನೊಬ್ಬರ ಮಾತು ಕೇಳುವ ಪುರುಸೊತ್ತು ಎಲ್ಲಿಂದ ಬರಬೇಕು? ಚೀಲದಿಂದ ಮೂವತ್ತೆರಡು ಹಾಳೆ ತೆಗೆದು ಅಲ್ಲಿಯೇ ಓದತೊಡಗಿದರು. ಹಾಳೆಗಳ ಅಂಚಿನಲ್ಲಿ ಹದಿನಾಲ್ಕು ಕಡೆ ಕೆಂಪು ಮಸಿಯಿಂದ 'ಹೂಂ' ಎಂದು ಬರೆದಿದ್ದರು. ಅಲ್ಲೆಲ್ಲ ತಾವು ನಿಲ್ಲಬೇಕು, ಮರ್ದಾನಸಾಬರು ಹೂಂ ಅನ್ನಬೇಕು, ಸಭೆ ಎಚ್ಚರಾಗಬೇಕು. ಹಿಂದೆ ಮಷಿನ್ ಗಡಗಡ ಅನ್ನುತ್ತಿದ್ದುದರಿಂದ ಮರ್ದಾನಸಾಬರು ಹೂಂ ಅಂದರೋ ಇಲ್ಲವೋ ತಿಳಿಯಲಿಲ್ಲ. ತಲೆಯನ್ನಂತೂ ಆಡಿಸಿದರು. ಸೂಜಿಗೆ ದಾರ ಹಾಕುವವರು ತಲೆ ಆಡಿಸಿಯೇ ಆಡಿಸುತ್ತಾರೆ. ಮಾಸ್ತರರು ತೃಪ್ತರಾಗಿ ಹೊರಟರು. ಹೋಗುವಾಗ ಮರ್ದಾನಸಾಬರ ಹೆಂಡತಿ ದಿಲಶಾದಬಿ ಬಾಗಿಲಿಗೆ ಬಂದು, "ಮಾಸ್ತರ್ರ, ಒಂದ ಪೆಂಟಿ ಒಯ್ರಿ. ಇವರು ಈಗ ಬೆಲ್ಲ ಅಷ್ಟ ತಿನ್ನೂದಿಲ್ರಿ" ಅಂದಳು. ಅದನ್ನೂ ಮಾಸ್ತರರು ವ್ರತದ ಲೆಕ್ಕಕ್ಕೇ ಹಾಕಿಕೊಂಡರು.

ಮನೆಯಲ್ಲಿ ಸುದ್ದಿ ಕೇಳಿ ಬಸವಣ್ಣೆವ್ವ ಅಂದಳು: "ಮೂವತ್ತೆರಡ ಹಾಳಿ ನೀವು ಓದಿ, ಹದಿನಾಲ್ಕ ಹೂಂ ಅವರ ಅಂದು, ನಾ ಏನ ಮಾಡ್ಲಿ?"

"ನೀ ಎದ್ದ ಹೋಗಬ್ಯಾಡ. ಅಷ್ಟ ಮಾಡು."

ಅವರ ದನಿಯಲ್ಲಿ ಏನಿತ್ತೋ, ಬಸವಣ್ಣೆವ್ವ ಮತ್ತೆ ಚೇಷ್ಟೆ ಮಾಡಲಿಲ್ಲ. "ಎಲ್ಲಿ ಹೋಗ್ಲಿ ನಾ, ಕುಂಡ್ರತೇನಿ ತಗೋರಿ" ಅಂದಳು.

ಶನಿವಾರ ಸಂಜೆ ನಾಲ್ಕಕ್ಕೆ ಶಿರಹಟ್ಟಿಯ ಶಾಲೆಯ ಬಯಲಿನಲ್ಲಿ ಪೆಂಡಾಲು ತುಂಬಿತ್ತು. ಮಾಸ್ತರರ ಮೇಲಿನ ಪ್ರೀತಿಯಿಂದ ಕೆಲವರು ಬಂದಿದ್ದರು. ಮೌನವ್ರತ ಮುರಿಯುತ್ತದೆಂಬ ಸುದ್ದಿ ಕೇಳಿ ಬಹಳ ಜನ ಬಂದಿದ್ದರು. ಮರ್ದಾನಸಾಬರು ಹೊಸ ಬಿಳಿ ಅಂಗಿ ತೊಟ್ಟು ಮೊದಲ ಸಾಲಿನಲ್ಲಿ ಕುಳಿತಿದ್ದರು. ಜನ ಅವರನ್ನು ಬೆರಳು ಮಾಡಿ ತೋರಿಸುತ್ತಿದ್ದರು.

ಅಧ್ಯಕ್ಷತೆ ಶಾಲಾ ಸುಧಾರಣಾ ಸಮಿತಿಯ ಸಂಗಪ್ಪನವರದು. ಕಳಕಪ್ಪ ಮಾಸ್ತರರ ಬಗ್ಗೆ ಎರಡು ಮಾತು ಆಡುತ್ತೇನೆಂದು ಎದ್ದ ಅವರು, ಆ ಎರಡನ್ನು ಮೊದಲಿಗೇ ಆಡಿ ಮುಗಿಸಿ, ಉಳಿದ ಐವತ್ತು ನಿಮಿಷ ಸಂಗಪ್ಪನವರ ಬಗ್ಗೆ ಆಡಿದರು. ಅಷ್ಟು ಹೊತ್ತಿನಲ್ಲಿ ಮೊದಲ ಸಾಲಿನಿಂದ ಒಂದು ಹೂಂ ಬರಲಿಲ್ಲ. ಸಂಗಪ್ಪನವರ ಮೋರೆ ಸಪ್ಪಗಾಯಿತು. ಕಳಕಪ್ಪ ಮಾಸ್ತರರಿಗೆ ಮಾತ್ರ ಒಳಗೊಳಗೇ ಖುಷಿ: ಎಲ್ಲವನ್ನೂ ನನಗೆಂದೇ ಕೂಡಿಟ್ಟಿದ್ದಾನೆ!

ಮಾಸ್ತರರು ಎದ್ದರು. ಸಭೆಯಲ್ಲಿ ಅನುಭವಿಗಳು ಚಪ್ಪಲಿ ಹುಡುಕಿ ಕಾಲಿಗೆ ಸಿಕ್ಕಿಸಿಕೊಂಡರು. ಹಿಂದಿನ ತುದಿಯಲ್ಲಿ ಪೆಂಡಾಲಿನವರು ಜಮಖಾನೆಯ ಅಂಚಿಗೆ ಬಂದು ನಿಂತರು.

ಗಣ್ಯರನ್ನೆಲ್ಲ ಕರೆದು, ಮೊದಲ ಹಾಳೆ ಮುಗಿಸಿ, ಮಾಸ್ತರರು ಕೆಂಪು ಗುರುತಿನ ಕಡೆ ಬಂದು ನಿಂತರು. ಮರ್ದಾನಸಾಬರನ್ನು ನೋಡಿದರು. ಮರ್ದಾನಸಾಬರು ಅವರನ್ನು ನೋಡಿದರು. ಹೂಂ ಬರಲಿಲ್ಲ. ಕೇಳಿಸಲಿಲ್ಲವೇನೋ ಎಂದು ಮಾಸ್ತರರು ಆ ಸಾಲನ್ನು ಇನ್ನೊಮ್ಮೆ ಓದಿದರು. ಹಿಂದಿನಿಂದ ನಾಲ್ಕು ಜನ ಎದ್ದರು. ಮೂರನೆಯ ಹಾಳೆಯಲ್ಲಿ ಎರಡನೆಯ ಗುರುತು. ಮಾಸ್ತರರು ನಿಂತು, ಕೆಮ್ಮಿ, ಹುಬ್ಬು ಹಾರಿಸಿ, ಕಣ್ಣಿನಿಂದಲೇ ಕೈ ಮುಗಿದರು. ಮರ್ದಾನಸಾಬರು ಬಾಯಿ ಅರ್ಧ ತೆರೆದು, ಕಣ್ಣು ಅಗಲಿಸಿ, ಒಂದು ಮಾತೂ ಬಿಡದೆ ಕೇಳುತ್ತಿದ್ದರು. ಹೂಂ ಮಾತ್ರ ಇಲ್ಲ. ಇನ್ನೂ ಹತ್ತು ಜನ ಎದ್ದರು. ಜಮಖಾನೆಯ ಅಂಚು ಮಡಚಿತು.

ಲಕ್ಷ್ಮೇಶ್ವರದ ಬಯಲು ಮಾಸ್ತರರ ಕಣ್ಣೆದುರು ಬಂತು. ಹಾಳೆಯ ಅಕ್ಷರಗಳು ಒಂದರ ಮೇಲೊಂದು ಹತ್ತಿದವು. ಅವಸರದಲ್ಲಿ ಸಾಲಿನ ಜೊತೆಗೆ ಅಂಚನ್ನೂ ಸೇರಿಸಿ, ಮೈಕಿನಲ್ಲಿ, ಅದೇ ಗಂಭೀರ ದನಿಯಲ್ಲಿ ಓದಿಬಿಟ್ಟರು:

"ಇಂತಹ ಮಹಾಜನತೆಯ ಸೇವೆಯಿಂದ ನನ್ನ ಬಾಳು ಸಾರ್ಥಕವಾಯಿತು ಹೂಂ."

ಎದ್ದು ಹೊರಟವರು ನಿಂತಲ್ಲೇ ತಿರುಗಿದರು. ಆಗ ಹೆಂಗಸರ ಸಾಲಿನಿಂದ ಒಂದು ಧ್ವನಿ ಎದ್ದಿತು. ಅದು ಶಾಲೆಯಲ್ಲಿ ಹುಡುಗರಿಗೆ ಉಪ್ಪಿಟ್ಟು ಮಾಡಿ ಬಡಿಸುತ್ತಿದ್ದ ಮುದುಕಿ ಹುಚ್ಚವ್ವನದು.

"ಯಪ್ಪಾ ಮಾಸ್ತರಾ, ಕಥಿ ಹೇಳಾಂವ ನೀನು. ಹೂಂ ನೀ ಅನಬಾರದಪಾ, ನಾವ ಅನಬೇಕು. ಹೂಂ, ಮುಂದ?"

ಪೆಂಡಾಲು ನಕ್ಕಿತು. ನಗುವಿನ ನಡುವೆಯೇ ಅಲ್ಲೊಬ್ಬರು ಇಲ್ಲೊಬ್ಬರು "ಹೂಂ, ಮುಂದ?" ಅಂದರು. ಆಮೇಲೆ ಇಡೀ ಸಾಲೇ ಅಂದಿತು: "ಹೂಂ, ಮುಂದ?"

ಮಾಸ್ತರರು ಹಾಳೆ ನೋಡಿದರು. ಅದರಲ್ಲಿ ಮುಂದೆ ಇದ್ದದ್ದು 'ಶಿಕ್ಷಣವೆಂಬುದು ಒಂದು ಜ್ಯೋತಿ'. ಹೂಂ ಅನ್ನುತ್ತ ಕುಳಿತವರಿಗೆ ಇದನ್ನು ಹೇಗೆ ಹೇಳುವುದು? ಕರಾರು ಕರಾರೇ. ಹೂಂ ಬಂದ ಮೇಲೆ ಕಥೆ ಹೇಳಲೇಬೇಕು. ಅವರ ಹತ್ತಿರ ಇದ್ದ ಕಥೆ ಒಂದೇ. ಹಾಳೆಗಳನ್ನು ಮಡಚಿ ಕಿಸೆಗೆ ತುರುಕಿದರು. ಮಾತು ಗ್ರಂಥದಿಂದ ಇಳಿದು ಮನೆಗೆ ಬಂತು.

"ಲಕ್ಷ್ಮೇಶ್ವರದಾಗ ಎಂಟ ವರ್ಷದ ಹಿಂದ ನಂದೊಂದು ಭಾಷಣ ಇತ್ರಿ."

"ಹೂಂ."

"ಅಧ್ಯಕ್ಷರು ಎದ್ದ ಹೋದ್ರು. ಹೊಲದಾಗ ಪಂಪ್ ಬಂದ್ ಮಾಡಬೇಕಂತ."

"ಹೂಂ."

"ಅವರಿಗೆ ಹೊಲಾನ ಇರಲಿಲ್ರಿ!"

"ಹೂಂ" ಅನ್ನಲು ಯಾರಿಗೂ ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡರು. ಸಂಗಪ್ಪನವರು ಗಂಭೀರವಾಗಿರಲು ನೋಡಿ, ಆಗದೆ, ಹಾರದಲ್ಲಿ ಮೋರೆ ಮುಚ್ಚಿಕೊಂಡರು. ಮಾಸ್ತರರು ಜಮಖಾನೆ ಸುತ್ತಿದ್ದನ್ನು ಹೇಳಿದರು, ಅಜ್ಜನನ್ನು ಎತ್ತಿಟ್ಟದ್ದನ್ನು ಹೇಳಿದರು, ಮೈಕಿನವನ ಔದಾರ್ಯ ಹೇಳಿದರು. "ನಂದೇನೂ ಅಡ್ಡಿ ಇಲ್ಲ ಅಂದ್ನರಿ, ಆ ಪುಣ್ಯಾತ್ಮ. ಮೂವತ್ತನಾಕ ವರ್ಷದಾಗ ನನ್ನ ಭಾಷಣಕ್ಕ ಅಡ್ಡಿ ಇಲ್ಲ ಅಂದಾಂವ ಅವನೊಬ್ಬನ." ಎದ್ದು ಹೊರಟಿದ್ದ ಹದಿನಾಲ್ಕೂ ಜನ ಬಂದು ಸಿಕ್ಕ ಸಿಕ್ಕಲ್ಲಿ ಕುಳಿತರು. ಪೆಂಡಾಲಿನವರು ತಾವು ಸುತ್ತಿದ ಜಮಖಾನೆಯ ಸುರುಳಿಯ ಮೇಲೆಯೇ ಕುಳಿತು ಹೂಂಗುಟ್ಟಿದರು.

ಕೊನೆಗೆ ಮಾಸ್ತರರು ಅಂದರು: "ನನ್ನ ಹುಡುಗೂರ ನನಗ ಕೇಳತಿದ್ರು, ಸರ್ ಹೊರಗ ಬಿಡ್ರಿ ಅಂತ. ಬಿಡಲಿಲ್ಲ ನಾ. ಬಾಗಲಾ ಹಾಕತಿದ್ನಿ. ಇವತ್ತ ಇಲ್ಲಿ ಬಾಗಲಾ ಇಲ್ಲ. ನೀವು ಹೋಗಿಲ್ಲ. ಇಷ್ಟ ಸಾಕ್ರಿ ನನಗ."

ಐನೂರು ಜನ ಒಟ್ಟಿಗೆ ಅಂದರು: "ಹೂಂ."

ಬಸವಣ್ಣೆವ್ವ ಸೆರಗಿನಿಂದ ಕಣ್ಣು ಒರಸಿಕೊಂಡು, ಪಕ್ಕದವಳಿಗೆ, "ಮನಿಯಾಗ ಇಷ್ಟ ಚೊಲೋ ಮಾತಾಡಿದ್ರ ನನ್ನ ಅರ್ಧ ಕೆಲಸ ಹಂಗ ಉಳೀತಿತ್ತ ನೋಡವಾ" ಅಂದಳು.

ಆ ಭಾಷಣ ಶಿರಹಟ್ಟಿಯಲ್ಲಿ ಬಹಳ ದಿನ ನೆನಪಿನಲ್ಲಿತ್ತು. ಶಿಕ್ಷಣವೆಂಬ ಜ್ಯೋತಿಯ ಬಗ್ಗೆ ಅದರಲ್ಲಿ ಒಂದು ಮಾತೂ ಇರಲಿಲ್ಲ ಎಂಬುದನ್ನು ಯಾರೂ ಗಮನಿಸಲಿಲ್ಲ. ಹೂಂ ಅನ್ನದೆ ಹೂಂ ಅನ್ನಿಸಿದ ಮಹಾತ್ಮ ಎಂದು ಮರ್ದಾನಸಾಬರ ಹೆಸರು ಮಾತ್ರ ಇನ್ನೊಂದು ಗೇಣು ಬೆಳೆಯಿತು. ಸಭೆ ಮುಗಿಯುವ ಮೊದಲೇ ಸಂಗಪ್ಪನವರು, "ಅಂವಾ ಬೇಕಂತನ ಸುಮ್ಮ ಕುಂತಿದ್ದ. ಗುರುವಿನ ಮೌನ ಅಂತಾರಲ್ಲ, ಅದ ಇದು" ಎಂದು ನಾಲ್ಕು ಜನರಿಗೆ ವಿವರಿಸಿಯಾಗಿತ್ತು.

ಕಳಕಪ್ಪ ಮಾಸ್ತರರೂ ಹಾಗೆಯೇ ನಂಬಿದರು. ಹಾರವನ್ನು ಕೈಯಲ್ಲಿ ಹಿಡಿದು, ತಟ್ಟೆಯಲ್ಲಿ ಬೆಲ್ಲದ ತುಂಡು ಇಟ್ಟುಕೊಂಡು ಮೊದಲ ಸಾಲಿಗೆ ಬಂದು, ಮರ್ದಾನಸಾಬರ ಪಕ್ಕ ಕುಳಿತರು. ಕಣ್ಣು ತುಂಬಿತ್ತು.

"ಮರ್ದಾನಸಾಬ, ನೀ ಹೂಂ ಅಂದಿದ್ರ ನಾ ಆ ಮೂವತ್ತೆರಡ ಹಾಳಿ ಓದೇಬಿಡತಿದ್ನಿ. ನಿನಗ ಗೊತ್ತಿತ್ತು. ಅದಕ್ಕ ಸುಮ್ಮ ಕುಂತಿ. ಹೌದಲ್ಲೋ?"

"ಇಲ್ರೀ ಮಾಸ್ತರ್ರ. ನಾ ಇವತ್ತ ಮೊದಲ ಸಾರಿ ಒಂದ ಭಾಷಣ ಪೂರಾ ಕೇಳೀನ್ರಿ. ಚೊಲೋ ಇತ್ತು. ಸುರೂಕ ಸ್ವಲ್ಪ ಉದ್ದ ಆತು."

"ಮೊದಲ ಸಾರಿ? ಹಂಗಾರ ಇಷ್ಟ ವರ್ಷ, ಇಷ್ಟ ಊರಾಗ, ಆ ಹೂಂ? ಗಿಡ್ಡ ಹೂಂ, ಉದ್ದನ ಹೂಂ, ಎರಡೆರಡ ಹೂಂ? ಅದರ ಅರ್ಥ ಏನಪಾ? ಹೇಳು. ಇವತ್ತ ನಾ ಕೇಳತೇನಿ."

ಹೇಳಿದಂತೆಯೇ ಮಾಸ್ತರರು ಬಾಯಿ ಮುಚ್ಚಿ, ಕಿವಿ ಕೊಟ್ಟು, "ಹೂಂ" ಅಂದು ಕಾದರು.

ಮರ್ದಾನಸಾಬರು ಬೆಲ್ಲದ ತುಂಡನ್ನು ಎತ್ತಿ ನೋಡಿ, ತಿರುಗಿ ತಟ್ಟೆಯಲ್ಲಿಟ್ಟರು.

"ಅರ್ಥ ಎಲ್ಲೀದ್ರಿ. ಹಿಂಜಿ ಬಂದ ಕುಂತ್ರ ಗಂಟಲದಾಗ ಅರಳಿ ಸಿಕ್ಕೊಂಡಿರತಿತ್ತು. ದೊಡ್ಡ ಮಂದಿ ನಡುವ ಕೆಮ್ಮಿದ್ರ ಚೊಲೋ ಕಾಣೂದಿಲ್ಲಂತ ಬಾಯಿ ಮುಚಗೊಂಡ ಹೂಂ ಅಂತಿದ್ನಿ. ಆಮ್ಯಾಲೆ ಬೆಲ್ಲ ತಿಂದ್ರ ಅರಳಿ ಇಳೀತಿತ್ತು. ಈಗ ಮಷಿನ್ ಬಂದೈತ್ರಿ."